ಏಪ್ರಿಲ್ ತಿಂಗಳ ಚಳಿಗಾಲ

ಏಪ್ರಿಲ್ ತಿಂಗಳಲ್ಲಿ, ಅದೂ ನಮ್ಮ ಆದೋನಿಯಲ್ಲಿ, ಚಳಿಗಾಲ ತರಿಸಿದ ಮನುಷ್ಯರೆಂದರೆ ನಮ್ಮ ಸೋದರಮಾವ ಒಬ್ಬರೇ. ಅಂಥವರು ಇನ್ನೊಬ್ಬರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಇಬ್ಬರಿಗೂ ಪರಿಚಯ ಮಾಡಿಸಿ ನಾವು ಊರು ಬಿಡುತ್ತೇವೆ! ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುತ್ತಿರುವಾಗ ಮಾವ ಮನೆಯೊಳಗೆ ಬೋಳು ಗಿಡವೊಂದರ ಮುಂದೆ ಕುಳಿತು, "ಸಪ್ಪಳ ಮಾಡಬ್ಯಾಡ್ರಿ, ಚಳಿಗಾಲ ನಡದೈತಿ" ಅನ್ನುತ್ತಿದ್ದರು.

ಮಾವನ ಬಾಳಿನಲ್ಲಿ ಇರುವುದು ಎರಡೇ. ಒಂದು ಹತ್ತಿ, ಇನ್ನೊಂದು ನಮ್ಮ ಅತ್ತಿ, ಅಂದರೆ ಅವರ ಹೆಂಡತಿ. ಹತ್ತಿಯ ಜೊತೆ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಕಳೆದರು. ಬೋರೆಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ ತೇವ ನೋಡುವುದು, ಒಂದು ಚಿಟಿಕೆ ಹತ್ತಿ ಕಿತ್ತು ಎರಡು ಹೆಬ್ಬೆರಳ ನಡುವೆ ಎಳೆದು ಎಳೆಯ ಉದ್ದ ನೋಡುವುದು, ಆಮೇಲೆ ಆಕಾಶ ನೋಡಿ ಒಂದು ಮಾತು ಹೇಳುವುದು. ಈ ಚಾಳಿ ಮಾರ್ಕೆಟ್ಟಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ನನ್ನನ್ನು ನೋಡಲು ಬಂದ ಗಂಡಿನ ತೋಳನ್ನೂ ಎರಡು ಬೆರಳಲ್ಲಿ ಹಿಸುಕಿ, ಎಲ್ಲರ ಮುಂದೆ, "ಎಳಿ ಗಟ್ಟಿ ಐತಿ, ಕಸ ಕಮ್ಮಿ, ತೇವ ಒಂದೀಟು ಹೆಚ್ಚು" ಅಂದುಬಿಟ್ಟರು. ಪಾಪ, ಅವರು ಬೆವರಿದ್ದರು! ಆ ತೇವದ ಸಮೇತವೇ ನಾನು ಅವರನ್ನು ಮದುವೆಯಾಗಿ ಎರಡು ಓಣಿ ಆಚೆಗೇ ಮನೆ ಮಾಡಿದೆ, ಅದು ಬೇರೆ ಮಾತು.

ಅತ್ತಿ ಹಾಲಹರವಿ ಕಡೆಯವಳು. ಮಾತಿನಲ್ಲಿ ಮಾವನನ್ನು ದಿನಕ್ಕೆ ಹತ್ತು ಸಲ ಸೋಲಿಸುತ್ತಿದ್ದಳು. ಎರಡೂವರೆ ವರ್ಷದ ಹಿಂದೆ, ಸಂಡಿಗೆ ಒಣಹಾಕಲು ಮಾಳಿಗೆ ಹತ್ತುವಾಗ ಮೆಟ್ಟಿಲ ಮೇಲಿಂದ ಜಾರಿ ಬಿದ್ದಳು. ಬೆನ್ನುಮೂಳೆಗೆ ಪೆಟ್ಟಾಯಿತು, ಆಪರೇಷನ್ ಆಯಿತು, ಕಾಲು ಮಾತು ಕೇಳದಾದವು. "ದಿನಾ ವ್ಯಾಯಾಮ ಮಾಡಿದರೆ ಏಳುತ್ತಾರೆ, ಮಾಡದಿದ್ದರೆ ಇಲ್ಲ" ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಅತ್ತಿ ಮಾಡಲಿಲ್ಲ. ಮಲಗಿದಲ್ಲೇ ಚಾವಣಿಯ ಜಂತಿ ನೋಡುತ್ತಿದ್ದಳು. ಸಂಜೆ ಮಂಚವನ್ನು ಅಂಗಳಕ್ಕೆ ಒಯ್ದು, ಅವಳೇ ಬೆಳೆಸಿದ ಮಲ್ಲಿಗೆ, ದಾಸವಾಳದ ಕುಂಡಗಳನ್ನು ಸುತ್ತ ಜೋಡಿಸಿದರೆ, "ಒಳಗ ಒಯ್ರಿ. ಹೂವು ಸುದ್ದಾ ನನಗ ಬೆನ್ನು ತೋರಸ್ತಾವ" ಅಂದಳು. ಅತ್ತಿಯ ಮನಸ್ಸು ಕಹಿಯಾಗಿದೆ ಅಂದುಕೊಂಡು ಮಂಚವನ್ನು ಒಳಗೆ ಒಯ್ದೆವು.

ಅದೇ ವರ್ಷ ಮಾರ್ಕೆಟ್ಟಿನ ಗೆಳೆಯರೆಲ್ಲ ಬಸ್ಸು ಮಾಡಿಕೊಂಡು ಊಟಿಗೆ ಹೊರಟರು. ಮಾವ ಒಲ್ಲೆ ಅಂದರು. ಅತ್ತಿ ಬಿಡಲಿಲ್ಲ: "ಹೋಗಿ ಬರ್ರಿ. ನಾಕು ದಿನ ನಿಮ್ಮ ಮಾರಿ ನೋಡಲಿಲ್ಲಂದ್ರ ನನಗೂ ಆರಾಮ ಆಗ್ತೈತಿ!" ಸರಿ, ಹೋದರು. ಘಾಟಿನ ತಿರುವುಗಳಲ್ಲಿ ಬಸ್ಸು ತಿರುಗಿದಂತೆಲ್ಲ ಮಾವನ ಹೊಟ್ಟೆಯೂ ತಿರುಗಿತು. ಮೇಲೆ ಮುಟ್ಟುವಷ್ಟರಲ್ಲಿ ಒಳಗಿದ್ದುದೆಲ್ಲ ಖಾಲಿ! ಗೆಳೆಯರು ಚಹಾ ಕುಡಿಯಲು ಹೋದರೆ ಇವರು ರಸ್ತೆ ಪಕ್ಕದ ಯಾವುದೋ ಗಿಡದ ಬುಡದಲ್ಲಿ ಟವೆಲ್ ಹಾಸಿ ಅರ್ಧ ಗಂಟೆ ಅಂಗಾತ ಬಿದ್ದಿದ್ದರಂತೆ. ಊಟಿಯಲ್ಲಿ ಅವರು ನೋಡಿದ್ದು ಅಷ್ಟೇ.

ಎಲ್ಲರೂ ಚಾಕೊಲೇಟು, ಚಹಾಪುಡಿ, ನೀಲಗಿರಿ ಎಣ್ಣೆ ತಂದರು. ನಮ್ಮ ಮಾವ ಒದ್ದೆ ಟವೆಲ್ಲಿನಲ್ಲಿ ಕೂಸಿನ ಹಾಗೆ ಸುತ್ತಿಕೊಂಡು ತಂದದ್ದು ಮೊಳದುದ್ದದ ಒಂದು ಕಡ್ಡಿ.

"ಏನ್ರಿ ಇದು?" ಅತ್ತಿ ಮಲಗಿದಲ್ಲಿಂದಲೇ ಕೇಳಿದಳು.

"ಕಡ್ಡಿ."

"ಆದೋನ್ಯಾಗ ಕಡ್ಡಿ ಇದ್ದಿಲ್ಲೇನು?"

"ಇದು ಹೂವಿನ ಕಡ್ಡಿ. ಇದು ಹೂ ಬಿಟ್ಟ ದಿನ ನೀ ಎದ್ದು ಕುಂದರಬೇಕು. ಮಾತು ಕೊಡು."

ಅತ್ತಿಗೆ ಎಷ್ಟೋ ತಿಂಗಳ ಮೇಲೆ ನಗು ಬಂತು. "ನಮ್ಮ ಬಿಸಲಾಗ ಊಟಿ ಕಡ್ಡಿ ಹೂ ಬಿಟ್ರ ಕುಂದರೋದೇನು, ಕುಣೀತೀನಿ!"

"ಕುಣಿಯಾಕ ಕಾಲು ಬೇಕಲ್ಲ. ಗಿಡದಾಗ ಎಷ್ಟು ಎಲಿ ಅದಾವೋ ದಿನಾ ಅಷ್ಟು ಸಲ ಕಾಲು ಮಡಚು."

ಕಡ್ಡಿಯಲ್ಲಿ ಒಂದು ಎಲೆಯೂ ಇರಲಿಲ್ಲ. ಅತ್ತಿ ಧಾರಾಳವಾಗಿ ಒಪ್ಪಿದಳು!

ಕಡ್ಡಿಯನ್ನು ನೀರಿನ ಚೊಂಬಿನಲ್ಲಿ ಇಟ್ಟರು. ಹದಿನೈದು ದಿನಕ್ಕೆ ಬಿಳಿ ಬೇರು ಬಂತು, ಕುಂಡಕ್ಕೆ ಏರಿತು, ಎಲೆ ಬಿಟ್ಟಿತು. ದಿನಾ ಬೆಳಿಗ್ಗೆ ಮಾವ ಹರಾಜು ಕೂಗುವ ದನಿಯಲ್ಲಿ, "ಇವತ್ತು ಹನ್ನೊಂದು!" ಅನ್ನುವರು. ಅತ್ತಿ ಗೊಣಗುತ್ತ, ನಾನು ಪಾದ ಹಿಡಿದಿರಲು, ಹನ್ನೊಂದು ಸಲ ಕಾಲು ಮಡಚುವಳು. ಅವಳು ಕೊಟ್ಟ ಮಾತು ಅಂದರೆ ಮಾತು.

ಗಿಡದ ಹೆಸರು ಫೋನಿನಲ್ಲಿ ಹುಡುಕಿ ನಾನೇ ಹೇಳಿಕೊಟ್ಟೆ: ಬ್ರುಗ್ಮಾನ್ಸಿಯಾ. ಅದು ಮಾವನ ಬಾಯಲ್ಲಿ ಒಂದೇ ದಿನಕ್ಕೆ 'ಬ್ರಹ್ಮಮಾನಸಿ' ಆಯಿತು. ಕೇಳಿದವರು ಯಾವುದೋ ದೇವತೆ ಇರಬೇಕೆಂದು ಕುಂಡಕ್ಕೆ ಕೈಮುಗಿದು ಹೋದರು. ಪಕ್ಕದ ಮನೆಯ ತೆಲುಗಿನಾಕೆ ಮಾತ್ರ ಫೋನಿನಲ್ಲಿ ಹೂವಿನ ಫೋಟೊ ನೋಡಿದವಳೇ, "ಇದಿ ಉಮ್ಮೆತ್ತ ಕದಂಡೀ! ತಿಂಟೇ ಪಿಚ್ಚಿ ಪಡುತುಂದಿ" ಎಂದು ಹೌಹಾರಿದಳು. ಇದು ಉಮ್ಮತ್ತಿ, ಅಂದರೆ ದತ್ತೂರಿ, ತಿಂದರೆ ಹುಚ್ಚು ಹಿಡಿಯುತ್ತದೆ ಅಂತ.

"ಉಮ್ಮತ್ತಿ ಅಲ್ಲ ಯವ್ವಾ, ಉಮ್ಮತ್ತಿಯ ಬೀಗರು" ಅಂದರು ಮಾವ. "ವಿಷ ಐತಿ ಖರೆ. ನಾವು ತಿನ್ನಾಕ ಬೆಳಸಾಕತ್ತಿಲ್ಲ." ಆದರೂ ಅಂದಿನಿಂದ ಮಾವನ ಕಾನೂನು: ಗಿಡ ಮುಟ್ಟಿದವರು ಕೈ ತೊಳೆಯದೆ ಕಣ್ಣು, ಬಾಯಿ ಮುಟ್ಟುವಂತಿಲ್ಲ, ಒಳಗೆ ಬರುವಂತಿಲ್ಲ. ಹುಚ್ಚಿನ ಮಾತಿಗೆ ಬಂದರೆ, ನಮ್ಮ ಮನೆಯಲ್ಲಿ ಗಿಡ ತಿನ್ನದೆಯೇ ಒಬ್ಬರಿಗೆ ಹಿಡಿದಿತ್ತಲ್ಲ!

ಡಿಸೆಂಬರಿನಲ್ಲಿ ಅನಾಹುತವಾಯಿತು. ಮಾವ ಫೋನಿನಲ್ಲಿ ಒಂದು ವಿಡಿಯೊ ನೋಡಿದರು. ಹಿಮದಲ್ಲಿ ನಿಂತ ವಿದೇಶಿ ಹೆಂಗಸು, ಮೇಲೆ ತೆಲುಗಿನ ದನಿ: ಚಳಿಗಾಲ ಬಂದರೆ ಗಿಡ ಒಳಗಿಡಿ, ಎಲೆ ಕತ್ತರಿಸಿ, ನೀರು ಕಮ್ಮಿ ಮಾಡಿ, ಮಬ್ಬು ಬೆಳಕಿನಲ್ಲಿ ಮಲಗಿಸಿ, ವಸಂತ ಬಂದ ಮೇಲೆ ಹೊರಗಿಡಿ. ವಿಡಿಯೊ ಮುಗಿಯುವಷ್ಟರಲ್ಲಿ ಕತ್ತರಿ ಕೈಯಲ್ಲಿತ್ತು. ಎಲೆ ಎಲ್ಲ ನೆಲಕ್ಕೆ ಬಿದ್ದವು, ಗಿಡ ಹತ್ತಿ ಸ್ಯಾಂಪಲ್ಲು ಇಡುವ ಕೋಣೆ ಸೇರಿತು, ಮೈಗೆ ಕಂಬಳಿ ಬಂತು. ನಮ್ಮೂರಿನ ಡಿಸೆಂಬರು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಇಡೀ ವರ್ಷದಲ್ಲಿ ಮನುಷ್ಯ, ದನ, ಗಿಡ ಎಲ್ಲಕ್ಕೂ ಹಿತವಾದ ಕಾಲ ಅದೊಂದೇ. ಅಷ್ಟೂ ದಿನ ಆ ಗಿಡ ಕಂಬಳಿ ಹೊದ್ದು ಕತ್ತಲಲ್ಲಿ ಕಳೆಯಿತು. ಅಲ್ಲಿ ಬಂದ ನಾಲ್ಕು ಬಿಳಿಚಿದ ಎಲೆಯ ಲೆಕ್ಕದಲ್ಲೇ ಅತ್ತಿ ಕಾಲು ಮಡಚಿದಳು. ಯುಗಾದಿಗೆ ಮಾವ, "ವಸಂತ ಬಂತು!" ಎಂದು ಅದನ್ನು ತಂದು ಬಿಸಿಲಲ್ಲಿ ಇಟ್ಟರು. ನಮ್ಮ ವಸಂತಕ್ಕೆ ಎಂಟೇ ದಿನ ಸಾಕಾಯಿತು. ಹೊಸ ಚಿಗುರು ಹಪ್ಪಳದಂತೆ ಸುಟ್ಟುಹೋಯಿತು.

"ಇವತ್ತು ಎಷ್ಟು?" ಎಂದು ಅತ್ತಿ ಕೇಳಿದಳು.

ಮಾವ ತಲೆ ತಗ್ಗಿಸಿದರು. "ಇಲ್ಲ."

ಅತ್ತಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅಲ್ಲಿಗೆ ವ್ಯಾಯಾಮವೂ ನಿಂತಿತು. ಅದುವರೆಗೂ ತಮಾಷೆ ಅಂದುಕೊಂಡಿದ್ದ ನನಗೆ ಆವತ್ತು ನಿಜಕ್ಕೂ ಹೆದರಿಕೆಯಾಯಿತು. ಆ ಮೋಟು ಕಡ್ಡಿ ಸತ್ತರೆ ನಮ್ಮ ಅತ್ತಿ ಮತ್ತೆ ಕಾಲು ಮಡಚುವುದಿಲ್ಲ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪುಣ್ಯಕ್ಕೆ ಬೇರು ಸತ್ತಿರಲಿಲ್ಲ. ಜೂನಿನ ಮಳೆಗೆ ಬುಡದಿಂದ ಚಿಗುರಿತು, ಬೆಳಗಿನ ಹರಾಜಿನ ಕೂಗೂ ಮತ್ತೆ ಶುರುವಾಯಿತು. ಈ ಗಿಡಕ್ಕೆ ಹಸಿವು, ಬಾಯಾರಿಕೆ ಎರಡೂ ವಿಪರೀತ. ಮಾವ ಕುಂಡ ಬಿಟ್ಟು ದೊಡ್ಡ ಡ್ರಮ್ಮಿಗೆ ಏರಿಸಿದರು, ಹತ್ತಿಕಾಳಿನ ಹಿಂಡಿ ನೆನೆಹಾಕಿ ಸುರಿದರು. ನಾಲ್ಕು ಸಲ ಹಿಂಡಿ ಒಯ್ದ ಮೇಲೆ ಅಂಗಡಿಯವನು, "ಎಮ್ಮಿ ಎಷ್ಟು ಹಾಲು ಕೊಡ್ತೈತ್ರಿ ಸಾವ್ಕಾರ್ರ?" ಎಂದು ಕೇಳಿದ.

"ಇನ್ನೂ ಗಬ್ಬ ಆಗಿಲ್ಲ" ಎಂದರು ಮಾವ, ಗಂಭೀರವಾಗಿ.

ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ದಿನಕ್ಕೆರಡು ಕೊಡ ಎಲ್ಲಿಂದ ತರುವುದು? ಮಾವ ದೊಡ್ಡ ಬೋಗುಣಿಯಲ್ಲಿ ಕುಳಿತು ಸ್ನಾನ ಮಾಡಿ ಆ ನೀರನ್ನೇ ಹಾಕತೊಡಗಿದರು. ಗಿಡಕ್ಕೆ ಸಾಬೂನು ಆಗಿಬರುವುದಿಲ್ಲ ಎಂದು ತಾವು ಕಡಲೆಹಿಟ್ಟು ಹಚ್ಚಿಕೊಂಡರು. ಒಂದು ತಿಂಗಳು ಮಾವ ಹತ್ತಿರ ಬಂದರೆ ಬಜ್ಜಿಯ ನೆನಪಾಗುತ್ತಿತ್ತು. ಎಲೆಗಳೇನೋ ಅರವತ್ತು ದಾಟಿದವು. "ಸಾಕು ಮಾಡ್ರಿ ನಿಮ್ಮ ಹಿಂಡಿ! ಗಿಡ ತಿಂತೈತಿ, ಕಾಲು ನನ್ನವು ನೋಯ್ತಾವ!" ಎಂದು ಅತ್ತಿ ಕೂಗುತ್ತಿದ್ದಳು. ಕೂಗುತ್ತಲೇ ಮಡಚುತ್ತಿದ್ದಳು. ಒಂದು ದಿನ ಅವಳ ಬಲಗಾಲಿನ ಹೆಬ್ಬೆರಳು ತಾನಾಗಿ ಅಲ್ಲಾಡಿದ್ದನ್ನು ನಾನು ನೋಡಿದೆ.

ಈಗಲಾದರೂ ಮೊಗ್ಗು ಬರಬೇಕಲ್ಲ? ಬರುತ್ತಿತ್ತು. ಅಷ್ಟರಲ್ಲಿ ಕೌತಾಳಂನಿಂದ ಹತ್ತಿ ತಂದ ರೈತರೊಬ್ಬರು ಗಿಡ ನೋಡಿ, "ತುದಿ ಚಿವುಟ್ರಿ, ಕವಲು ಬಾಳ ಒಡೀತಾವ" ಅಂದರು. ಹತ್ತಿ ಗಿಡಕ್ಕೆ ಹಾಗೆಯೇ ಮಾಡುತ್ತಾರೆ. ಹತ್ತಿಯವರ ಮಾತು ಮಾವ ಮೀರುವುದುಂಟೇ? ಕುಳಿತಲ್ಲೇ ಒಂದೊಂದು ತುದಿಯನ್ನೂ ಚಿವುಟಿದರು. ಆಮೇಲೆ ಗೊತ್ತಾಯಿತು: ಈ ಗಿಡ ಆಳೆತ್ತರ ಬೆಳೆದು, ಇಬ್ಭಾಗವಾಗಿ ಕವಲೊಡೆದ ಮೇಲೆ, ಆ ಕವಲಿನ ಮೇಲ್ಗಡೆ ಮಾತ್ರ ಹೂ ಬಿಡುತ್ತದೆ. ಕವಲನ್ನೇ ಮಾವ ಚಿವುಟಿ ಎಸೆದಿದ್ದರು! ಹೂವು ಇನ್ನೊಂದು ವರ್ಷ ಮುಂದೆ ಹೋಯಿತು.

ಪೂಜೆಗೆ ಮನೆಗೆ ಬರುವ ಅಯ್ಯನವರು ಒಂದು ಸೋಮವಾರ ಗಿಡ ನೋಡಿ, ಹೂ ಬಿಟ್ಟರೆ ಶಿವನಿಗೆ ಏರಿಸಬಹುದೋ ಇಲ್ಲವೋ ಎಂಬ ಚರ್ಚೆ ಎತ್ತಿದರು. "ಹೂ ಗಿಡದಾಗ ಹೆಂಗ ಇರತೈತೋ ಹಂಗೇ ಏರಿಸಬೇಕ್ರಿ, ಮಾರಿ ಮೇಲ ಇದ್ರ ಮೇಲ. ಆದ್ರ ಇದು ಮಾರಿ ಕೆಳಗ ಮಾಡಿ ಜೋತು ಬೀಳ್ತೈತಂತ. ಇದನ್ನ ಏರಿಸೋದು ಹೆಂಗ, ಯಾರಿಗೆ?" ಪ್ರಶ್ನೆಯನ್ನು ಅಂಗಳದಲ್ಲೇ ಬಿಟ್ಟು ಅಯ್ಯನವರು ಚಹಾ ಕುಡಿದು ಹೋದರು. ಮಾವ ಮಾತ್ರ ಮೀಸೆಯೊಳಗೆ ನಕ್ಕಂತಿತ್ತು.

ಮತ್ತೆ ಬೇಸಿಗೆ ಹತ್ತಿರ ಬಂತು. ಗಿಡ ಮತ್ತೆ ಸುಡುತ್ತದೆಂದು ಮಾವ ಊಟ ಬಿಟ್ಟರು. ಆಗ ಮಂಚದಿಂದ ಅತ್ತಿ ಹೇಳಿದ ಮಾತು ನೋಡಿ: "ಆ ವಿಡಿಯೊದ ಹೆಣ್ಮಗಳ ಊರಾಗ ಕೊಲ್ಲೋದು ಚಳಿ. ನಮ್ಮೂರಾಗ ಕೊಲ್ಲೋದು ಬಿಸಲು. ಅಂದಮ್ಯಾಲ ನಮ್ಮ ಚಳಿಗಾಲ ಏಪ್ರಿಲ್‌ದಾಗ ಬರ್ತೈತಿ. ಇಷ್ಟು ತಿಳೀವಲ್ದೇನು ನಿಮಗ?"

ಮಾವ ಚಪ್ಪಲಿ ಮೆಟ್ಟಿ ಮಾರ್ಕೆಟ್ಟಿಗೆ ಓಡಿದರು. ಎರಡು ವರ್ಷ ನಾವೆಲ್ಲ ಸೇರಿ ಹುಡುಕಿದರೂ ಸಿಗದ ಉತ್ತರವನ್ನು ಜಂತಿ ನೋಡುತ್ತ ಮಲಗಿದವಳು ಹುಡುಕಿದ್ದಳು!

ಮಾರ್ಕೆಟ್ಟಿನ ನಾಲ್ವರು ಹಮಾಲರು ಬಂದು ಡ್ರಮ್ಮನ್ನು ಮದುಮಗಳಂತೆ ಎತ್ತಿ ಒಳಗೆ ತಂದರು. ಅತ್ತಿಯ ಕೋಣೆಯಲ್ಲೇ, ಕೂಲರಿನ ಎದುರು ಗಿಡಕ್ಕೆ ಜಾಗ. ಡ್ರಮ್ಮಿನ ಸುತ್ತ ಒದ್ದೆ ಗೋಣಿತಟ್ಟು, ಮತ್ತೆ ಒಡೆದಿದ್ದ ಕವಲು ಉಳಿಸಿ ಮೇಲಿನ ಎಲೆ ಮಾತ್ರ ಕತ್ತರಿಸಿದ್ದು, ಗುಟುಕು ನೀರು. ಎಲೆ ಇಲ್ಲದ ಮೇಲೆ ಲೆಕ್ಕ ಸೊನ್ನೆಯೇ ಅಲ್ಲವೇ? ನಾನು ಹೆದರುತ್ತಲೇ ಅತ್ತಿಯ ಮುಖ ನೋಡಿದೆ.

"ಹಳೇ ಲೆಕ್ಕನ ಇರಲಿ, ಹಿಡಿ ಪಾದ" ಅಂದಳು. "ಗಿಡ ಮಲಗಲಿ. ನಾ ಮಲಗಂಗಿಲ್ಲ."

ಆ ಚಳಿಗಾಲ ಮುಗಿದದ್ದು ಜೂನಿನ ಮಳೆಗೆ. ಗಿಡ ಅಂಗಳಕ್ಕೆ ಮರಳಿತು, ಬೇವಿನ ನೆರಳಲ್ಲಿ ಕೊಂಬೆ ಚಾಚಿತು. ಯಾರೂ ಚಿವುಟಲಿಲ್ಲ. ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಅದರ ಹತ್ತಿರ ಹೋಗುತ್ತಿದ್ದರು! ಹವೆ ತಂಪಾದಂತೆ ಹಸಿರು ಬೆರಳಿನಂಥ ಮೊಗ್ಗುಗಳು ಇಳಿದವು. ಕಾರ್ತಿಕದ ಒಂದು ಸಂಜೆ ನನಗೆ ಮಾವನ ಫೋನು ಬಂತು: "ಯವ್ವಾ, ಲಗೂ ಬಾ."

ನಾನು ಹೋದಾಗ ಮಂಚ ಅಂಗಳದಲ್ಲಿತ್ತು. ಗಿಡದ ಪಕ್ಕದಲ್ಲಲ್ಲ, ಸರಿಯಾಗಿ ಗಿಡದ ಕೆಳಗೆ. ಗೇಣುದ್ದದ ಕಹಳೆಗಳು, ಎಣಿಸಿದರೆ ನಲವತ್ತಕ್ಕೂ ಮೇಲೆ, ಕೆಲವು ಬಿಳಿ, ಕೆಲವು ಆಗಲೇ ಕೇಸರಿಗೆ ತಿರುಗಿದ್ದವು. ಎಲ್ಲವೂ ಮುಖ ಕೆಳಗೆ ಮಾಡಿ ತೂಗುತ್ತಿದ್ದವು. ಓಣಿಯ ತುದಿಯವರೆಗೆ ಪರಿಮಳವಿತ್ತು. ಅತ್ತಿ ಅಂಗಾತ ಮಲಗಿ ಮೇಲೆ ನೋಡುತ್ತಿದ್ದಳು.

"ಇವು ನನ್ನ ನೋಡಾಕತ್ತಾವಲ್ರಿ" ಅಂದಳು.

"ಊಟಿಯಾಗ ನಾ ವಾಂತಿ ಮಾಡ್ಕೊಂಡು ಮಲಗಿದ್ನಲ್ಲ, ಇದರ ಬುಡಕನ" ಅಂದರು ಮಾವ. "ಕಣ್ಣು ಬಿಟ್ರ ಅಷ್ಟೂ ಹೂವು ನನ್ನ ಮಾರೀನ ನೋಡತಿದ್ವು. ನೀ ನೆನಪಾದಿ. ಬೆನ್ನು ತೋರಸ್ತಾವ ಅಂದಿದ್ದಿಯಲ್ಲ. ಮಲಗಿದವರಿಗೆ ಮಾರಿ ತೋರಸೋ ಹೂ ಒಂದೈತಿ ಅಂತ ಆವತ್ತ ಗೊತ್ತಾತು." ಆಮೇಲೆ ನನ್ನ ಕಡೆ ತಿರುಗಿ, "ಅಯ್ನೋರಿಗೆ ಹೇಳು. ಗಿಡದಾಗ ಹೆಂಗ ಐತೋ ಹಂಗೇ ಏರಿಸೀನಿ" ಅಂದರು.

ಎರಡು ವರ್ಷ ಈ ಮನುಷ್ಯರನ್ನು ನೋಡಿ ನಕ್ಕಿದ್ದೆ. ನಾಚಿಕೆಯಾಯಿತು, ಅಳುವೂ ಬಂತು.

"ನಡೀ, ಕೊಟ್ಟ ಮಾತು. ಎದ್ದು ಕುಂದರು" ಎಂದು ಮಾವ ಕೈ ಚಾಚಿದರು.

"ತಡೀರಿ!" ಅಂದಳು ಅತ್ತಿ. "ಎದ್ದು ಕುಂತ್ರ ಇವುಗಳ ಬೆನ್ನು ಕಾಣತೈತಿ. ಇನ್ನೊಂದೀಟು ನೋಡ್ತೀನಿ."

ದೀಪ ಹಚ್ಚುವವರೆಗೂ ನೋಡಿದಳು. ಆಮೇಲೆ ತಾನಾಗಿಯೇ ಮಾವನ ಕೈ ಹಿಡಿದು, ಇನ್ನೊಂದು ಕೈಯನ್ನು ಮಂಚಕ್ಕೆ ಊರಿ, ಹಲ್ಲು ಕಚ್ಚಿ, ನಿಧಾನವಾಗಿ ಎದ್ದು ಕುಳಿತಳು. ಹೂವುಗಳು ಅವಳ ತಲೆಯನ್ನು ಸವರಿ ಅಲ್ಲಾಡಿದವು. ಮಾವ ಅವಳ ತೋಳನ್ನು ಬಿಡಲಿಲ್ಲ. ಏನೋ ಹೇಳಲು ನೋಡಿದರು, ಬಾಯಿಗೆ ಬಂದದ್ದು ಮಾರ್ಕೆಟ್ಟಿನ ಮಾತೇ.

"ಎಳಿ ಗಟ್ಟಿ ಐತಿ."

"ಗಿಡದ್ದೋ, ನಂದೋ?" ಎಂದು ಅತ್ತಿ ಕೇಳಿದಳು.

ನಲವತ್ತು ವರ್ಷ ಆಕಾಶ ನೋಡಿ ತೀರ್ಪು ಕೊಟ್ಟ ನಮ್ಮ ಮಾವ ಈ ಸಲ ಆಕಾಶ ಬಿಟ್ಟು ಅತ್ತಿಯನ್ನೇ ನೋಡಿದರು. ಗಿಡ ಮುಟ್ಟಿದ ಕೈ ತೊಳೆಯದೆ ಕಣ್ಣು ಒರೆಸಿಕೊಳ್ಳಬಾರದೆಂಬ ತಮ್ಮದೇ ಕಾನೂನು ನೆನಪಾಗಿ, ಕಣ್ಣೀರನ್ನು ಹಾಗೆಯೇ ಹರಿಯಬಿಟ್ಟು ನಿಂತಿದ್ದರು.