ಒಂದಾದ ಮೇಲೆ ಹತ್ತು

"ಈ ಭೂಮಿಯ ಮೇಲೆ ಕ್ರಮ ಅಂತ ಏನಾದರೂ ಉಳಿದಿದ್ದರೆ ಅದು ನನ್ನಂಥ ನಾಲ್ಕು ಜನರಿಂದ!" ಎಂದು ವಿಮಲಕುಮಾರರು ಘೋಷಿಸಿದಾಗ ಅವರ ಹೆಂಡತಿ ರಾಜೀಮತಿ ಅವರೆಕಾಯಿ ಸುಲಿಯುತ್ತಿದ್ದರು.

"ಉಳಿದ ಮೂರು ಜನ ಯಾರು?" ಎಂದರು ತಲೆಯೆತ್ತದೆ.

ವಿಮಲಕುಮಾರರು ತಮಗೆಂದು ಒಂದು ಬೆರಳು ಮಡಚಿ, ಎರಡನೆಯ ಬೆರಳಿಗೆ ಹೆಸರು ಹುಡುಕತೊಡಗಿದರು.

ಅವರು ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಲೈಬ್ರರಿಯನ್ ಆಗಿದ್ದು ನಿವೃತ್ತರಾದವರು. ಸರ್ವಿಸ್ಸಿನಲ್ಲಿದ್ದಷ್ಟು ದಿನ ಅವರ ಕಪಾಟಿನಲ್ಲಿ ಒಂದೇ ಒಂದು ಪುಸ್ತಕ ಜಾಗ ತಪ್ಪಿ ಕೂತಿದ್ದಿಲ್ಲ. (ಯಾರಿಗೂ ಪುಸ್ತಕ ಮುಟ್ಟಲು ಬಿಡುತ್ತಿರಲಿಲ್ಲ ಎಂಬುದು ಬೇರೆ ಮಾತು.) ನಿವೃತ್ತರಾದ ಮರುದಿನವೇ ಕ್ರಮದ ಅಶ್ವಮೇಧದ ಕುದುರೆ ಅಡುಗೆಮನೆಗೆ ನುಗ್ಗಿತು. ಅರಿಶಿನ, ಇಂಗು, ಉಪ್ಪು, ಏಲಕ್ಕಿ ಎಂದು ಡಬ್ಬಗಳೆಲ್ಲ ಅಕಾರಾದಿಯಾಗಿ ನಿಂತವು. ಪಾಪ, ಸಾಸಿವೆಗೆ ಅಟ್ಟದ ಪಕ್ಕದ ಗೂಡು ಬಂತು. ರಾಜೀಮತಿ ಒಗ್ಗರಣೆಗೆ ಎಣ್ಣೆ ಕಾಯಿಸಲಿಟ್ಟು, ಸ್ಟೂಲ್ ಹಾಕಿ, ಹತ್ತಿ, ಸಾಸಿವೆ ಇಳಿಸುವಷ್ಟರಲ್ಲಿ ಬೀದಿಯವರೆಲ್ಲ ಕೆಮ್ಮಲು ಶುರು ಮಾಡುತ್ತಿದ್ದರು.

ಆವತ್ತಿನ ಘೋಷಣೆಗೆ ಕಾರಣ ಶಿವಗಂಗಮ್ಮ ಟೀಚರ್. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಂಗೀತ ಕಲಿಸಿದವರು. ವಿಮಲಕುಮಾರರೂ ಅವರ ಕೈಕೆಳಗೇ ಬೆಳೆದವರು. ಶಾಲೆಗೆ ಬೇಕಾದ ಹಾಡುಗಳನ್ನೆಲ್ಲ ಟೀಚರ್ ತಾವೇ ಕಟ್ಟುತ್ತಿದ್ದರು. ಪ್ರಾರ್ಥನೆಗೊಂದು, ಅತಿಥಿಗಳ ಸ್ವಾಗತಕ್ಕೊಂದು, ದೀಪ ಹಚ್ಚುವುದಕ್ಕೊಂದು, ಡ್ರಿಲ್ಲಿಗೊಂದು, ಹತ್ತನೇ ತರಗತಿಯವರನ್ನು ಬೀಳ್ಕೊಡುವುದಕ್ಕೊಂದು, ಕಡೆಗೆ ಮಂಗಳಕ್ಕೊಂದು. ನಿವೃತ್ತರಾದ ಮೇಲೆ ಶಿಷ್ಯರು ಕೊಟ್ಟ ಕೀಬೋರ್ಡಿನಲ್ಲಿ ಅಂಥ ಹನ್ನೆರಡು ಹಾಡುಗಳನ್ನು ಬಲಗೈಯಲ್ಲಿ ನುಡಿಸಿ ಅದರಲ್ಲೇ ಉಳಿಸಿಟ್ಟಿದ್ದರು. ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಕಾಲು, ಮಾತು ನಿಧಾನವಾಗಿ ಮರಳಿದವು. ಬಲಗೈ ಮರಳಲಿಲ್ಲ. ಅಲ್ಲಿಂದ ಮುಂದೆ ಅವರು ಕೀಬೋರ್ಡಿನ ಮೇಲೆ ಒಂದು ಶಾಲು ಹೊದಿಸಿಬಿಟ್ಟಿದ್ದರು. ಯಾರ ಮುಂದೆಯೂ ನುಡಿಸುವುದಿಲ್ಲ ಎಂದೂ ಹೇಳಿದ್ದರು.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರಿಗೊಂದು ಸನ್ಮಾನ ಮಾಡುವುದೆಂದು ನಿಶ್ಚಯವಾಯಿತು. ಜಾಗ, ಹಾಸನದಲ್ಲಿರುವ ಈಶ್ವರಯ್ಯನವರ ಸಭಾಭವನ. ಈಶ್ವರಯ್ಯನವರೂ ಟೀಚರ್ ಶಿಷ್ಯರೇ. ಬೆಂಗಳೂರಿನ ಹೋಟೆಲೊಂದು ಮುಚ್ಚಿದಾಗ ಅಲ್ಲಿದ್ದ ಪಿಯಾನೋ ಒಂದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ಅದು ಅಂತಿಂಥ ಪಿಯಾನೋ ಅಲ್ಲ. ಪೆನ್ ಡ್ರೈವಿನಲ್ಲಿ ಹಾಡಿನ ಫೈಲು ತುಂಬಿ ಚುಚ್ಚಿದರೆ ಸಾಕು, ಕರಿ ಬಿಳಿ ಪಟ್ಟಿಗಳು ತಾವಾಗಿಯೇ ಏಳುತ್ತ ಬೀಳುತ್ತ ನುಡಿಯುತ್ತವೆ. ನುಡಿಸಿದವರು ಯಾವ ಪಟ್ಟಿಯನ್ನು ಎಷ್ಟು ಮೆತ್ತಗೆ ಒತ್ತಿದ್ದರೋ ಅಷ್ಟೇ ಮೆತ್ತಗೆ!

ಆ ಸಭಾಭವನದಲ್ಲಿ ಅಡುಗೆಯ ಜವಾಬ್ದಾರಿ ಹಳ್ಳಿಮೈಸೂರಿನ ಮಂಚಯ್ಯನದು. ಮೊದಲ ಸಲ ಆ ಪಿಯಾನೋ ನುಡಿಯುವುದನ್ನು ನೋಡಿದ ಅವನು ಈಶ್ವರಯ್ಯನವರನ್ನು ಪಕ್ಕಕ್ಕೆ ಕರೆದು ಕೇಳಿದ್ದ: "ಸಾ, ಬಾರ್ಸೋರು ಕಾಣಾಕಿಲ್ಲ, ಬಾರ್ಸದು ಮಾತ್ರ ಕೇಳ್ತದೆ. ಊಟಕ್ಕೆ ಆ ಕಾಣದೆ ಇರೋರ್ನೂ ಸೇರಿಸ್ಕಂಡು ಎಲೆ ಆಕ್ಲಾ?"

ಶಿಷ್ಯೆಯೊಬ್ಬಳು ಟೀಚರ್ ಕೀಬೋರ್ಡಿನಿಂದ ಹನ್ನೆರಡು ಫೈಲುಗಳನ್ನು ತೆಗೆದುಕೊಟ್ಟಳು. ಯಾವುದು ಮೊದಲು, ಯಾವುದು ಆಮೇಲೆ ಎಂದು ಟೀಚರ್ ಎಡಗೈಯಲ್ಲೇ ಬರೆದ ಪಟ್ಟಿಯೂ ಬಂತು. ಅವನ್ನು ಸಾಲಾಗಿ ಜೋಡಿಸುವವರು ಯಾರು ಎಂಬ ಪ್ರಶ್ನೆ ಸಭೆಯಲ್ಲಿ ಏಳುವ ಮೊದಲೇ ವಿಮಲಕುಮಾರರು ಎದ್ದು ನಿಂತಿದ್ದರು!

ಮಗ್ಗಿ ಬರೆಯುವ ಶ್ರದ್ಧೆಯಿಂದ ಅವರು ಪ್ರತಿ ಫೈಲಿಗೂ ನಂಬರು ಕೊಟ್ಟರು. 1 ಪ್ರಾರ್ಥನೆ, 2 ಸ್ವಾಗತ, 3 ದೀಪ. ಹಾಗೇ ಮುಂದುವರಿದು 10 ಡ್ರಿಲ್, 11 ಬೀಳ್ಕೊಡುಗೆ, 12 ಮಂಗಳ. ಪೆನ್ ಡ್ರೈವನ್ನು ಕನ್ನಡಕದ ಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಮಲಗಿಸಿದರು.

"ಒಂದ್ಸಲ ಹಾಸನಕ್ಕೆ ಹೋಗಿ ಪೂರ್ತಿ ಹಾಕಿ ಕೇಳ್ಕೊಂಡು ಬನ್ನಿ" ಎಂದರು ರಾಜೀಮತಿ.

"ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ಇದರಲ್ಲಿ ಕೇಳೋದೇನಿದೆ? ನಮ್ಮ ಮೊಮ್ಮಗಳು ಸಿದ್ಧಿಗೂ ಗೊತ್ತು!"

"ಸಿದ್ಧಿಗೆ ಗೊತ್ತು. ಆ ಪೆಟ್ಟಿಗೆಗೆ ಗೊತ್ತಾ ಅಂತ ಕೇಳ್ತಿದೀನಿ."

"ರಾಜೀ, ಎಣಿಕೆ ಬಾರದ ಯಂತ್ರವನ್ನು ಜಗತ್ತಿನಲ್ಲಿ ಯಾರಾದರೂ ತಯಾರು ಮಾಡ್ತಾರಾ?"

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸಭಾಭವನ ತುಂಬಿತು. ಅರಕಲಗೂಡು, ದುದ್ದ, ಚನ್ನರಾಯಪಟ್ಟಣಗಳಿಂದೆಲ್ಲ ಬಂದಿದ್ದರು. ತಲೆ ನರೆತವರು, ಕೂದಲೇ ಇಲ್ಲದಂತೆ ಬೋಳಾದವರು, ಮಂಡಿಗೆ ಪಟ್ಟಿ ಕಟ್ಟಿಕೊಂಡವರು. ವೇದಿಕೆಯ ಮೇಲೆ ಪಿಯಾನೋ, ಅದರ ಪಕ್ಕದ ಕುರ್ಚಿಯಲ್ಲಿ ಟೀಚರ್, ಪಿಯಾನೋದ ಹಿಂದೆ ಅದನ್ನು ನಡೆಸುವ ಟ್ಯಾಬ್ ಹಿಡಿದು ವಿಮಲಕುಮಾರರು. ಮುಖ್ಯ ಅತಿಥಿ ಶಿವಯ್ಯನವರು ಮಾತ್ರ ಬಂದಿರಲಿಲ್ಲ. ನಿವೃತ್ತ ಶಿಕ್ಷಣಾಧಿಕಾರಿಯಾದ ಅವರು ಹನ್ನೆರಡು ಪುಟದ ಭಾಷಣದೊಂದಿಗೆ ಅರಕಲಗೂಡಿನಿಂದ ಹೊರಟಿದ್ದಾರೆಂಬ ಸುದ್ದಿ ಬಂದಿತ್ತು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಬಂದಾರು ಎಂದು ಶುರು ಮಾಡಿದರು.

ವಿಮಲಕುಮಾರರು ಗುಂಡಿ ಒತ್ತಿದರು. ಪಟ್ಟಿಗಳು ಕೆಳಗಿಳಿದವು. ಆಹಾ! ಪ್ರಾರ್ಥನೆ! ಟೀಚರ್ ಮುಂದಕ್ಕೆ ಬಾಗಿ ಪಟ್ಟಿಗಳನ್ನೇ ನೋಡುತ್ತಿದ್ದರು. ಅಲ್ಲಿ ಏಳುತ್ತ ಬೀಳುತ್ತ ಇದ್ದದ್ದು ಅವರದೇ ಬಲಗೈ ಅಲ್ಲವೇ! ಸಭೆಯಲ್ಲಿ ಮೂಗು ಒರೆಸಿಕೊಳ್ಳುವ ಸದ್ದಾಯಿತು. ವಿಮಲಕುಮಾರರ ಎದೆ ಎರಡಂಗುಲ ಉಬ್ಬಿತು.

ಪ್ರಾರ್ಥನೆ ನಿಂತಿತು. ಮರುಕ್ಷಣ ಪಿಯಾನೋ ಢಂ ಢಂ ಢಣ್ ಎಂದು ಡ್ರಿಲ್ ಹಾಡು ಶುರು ಮಾಡಿತು!

ಹೈಸ್ಕೂಲಿನ ಮೂರು ವರ್ಷ ಪ್ರತಿ ಬೆಳಿಗ್ಗೆ ಆ ಹಾಡಿಗೆ ಕೈಕಾಲು ಆಡಿಸಿದ ಜನ ಅವರು. ಪ್ರಾರ್ಥನೆಗೆಂದು ಹೇಗೂ ಎದ್ದು ನಿಂತಿದ್ದರು. ಮೆದುಳಿಗೆ ಸುದ್ದಿ ಮುಟ್ಟುವ ಮೊದಲೇ ಕಾಲಿಗೆ ಮುಟ್ಟಿತು. ಎಡ, ಬಲ, ಎಡ, ಬಲ! ಮುನ್ನೂರು ಜನ ನಿಂತಲ್ಲೇ ಹೆಜ್ಜೆ ಹಾಕತೊಡಗಿದರು. ಮಂಡಿಪಟ್ಟಿಯವರೂ ಬಿಡಲಿಲ್ಲ. ಮುಂದಿನ ಸಾಲಿನ ಮಹಾವೀರ್ ಎಂಬ ದಂತವೈದ್ಯರು ಎರಡೂ ಕೈ ಪಕ್ಕಕ್ಕೆ ಚಾಚಿದಾಗ ಅಕ್ಕಪಕ್ಕದ ಇಬ್ಬರ ಕನ್ನಡಕ ಹಾರಿದವು.

"ಇದು ಹತ್ತನೆಯದು! ಹತ್ತನೆಯದು ಯಾಕೆ ಬಂತು?" ಎಂದು ಬೆವತ ವಿಮಲಕುಮಾರರು 'ಮುಂದಿನದು' ಎಂಬ ಗುಂಡಿ ಒತ್ತಿದರು.

ಮುಂದಿನದು ಬೀಳ್ಕೊಡುಗೆ ಹಾಡು. ಎಡ ಬಲ ಎನ್ನುತ್ತಿದ್ದವರು ಒಂದು ಕಾಲು ಎತ್ತಿದ್ದ ಹಾಗೇ ಅಳತೊಡಗಿದರು! ನಲವತ್ತು ವರ್ಷ ಮಾತು ಬಿಟ್ಟಿದ್ದ ದುದ್ದದ ಇಬ್ಬರು ದಾಯಾದಿಗಳು ತಬ್ಬಿಕೊಂಡು ಗೋಳೋ ಎಂದರು. ಇದನ್ನು ನಿಲ್ಲಿಸದಿದ್ದರೆ ಸನ್ಮಾನ ಶ್ರದ್ಧಾಂಜಲಿಯಾದೀತೆಂದು ವಿಮಲಕುಮಾರರು ಮತ್ತೆ ಗುಂಡಿ ಒತ್ತಿದರು.

ಬಂತು ಮಂಗಳ.

ಮಂಗಳ ಕೇಳಿದ ಕನ್ನಡಿಗನನ್ನು ಕುರ್ಚಿಯಲ್ಲಿ ಹಿಡಿದು ಕೂರಿಸಬಲ್ಲ ಶಕ್ತಿ ಇನ್ನೂ ಹುಟ್ಟಿಲ್ಲ. ಮುನ್ನೂರು ಜನ ಕಣ್ಣೊರೆಸಿಕೊಂಡು, ಕೈಮುಗಿದು, ಚಪ್ಪಲಿ ಹುಡುಕಿ, ಊಟದ ಹಾಲಿನತ್ತ ಹೊರಟೇಬಿಟ್ಟರು! ವಿಮಲಕುಮಾರರು ಟ್ಯಾಬನ್ನು ಅಲ್ಲೇ ಎಸೆದು, ಎರಡೂ ಕೈ ಚಾಚಿ ಬಾಗಿಲಿಗೆ ಓಡಿದರು. "ಮುಗಿದಿಲ್ಲ! ಇನ್ನೂ ಶುರುವೇ ಆಗಿಲ್ಲ!" ಯಾರೋ ಅವರ ಚಾಚಿದ ಕೈಯನ್ನೇ ಹಿಡಿದು ಕುಲುಕಿದರು. "ಬಹಳ ಚೊಕ್ಕವಾಗಿತ್ತು ಸಾರ್. ಹದಿನೈದು ನಿಮಿಷಕ್ಕೆ ಮುಗಿಸಿಬಿಟ್ರಿ. ಎಲ್ಲರೂ ನಿಮ್ಮನ್ನ ನೋಡಿ ಕಲೀಬೇಕು."

ಊಟದ ಹಾಲಿನಲ್ಲಿ ಮಂಚಯ್ಯ ಸೌಟು ಹಿಡಿದು ಕಂಬದಂತೆ ನಿಂತಿದ್ದ.

"ಇದೇನ್ ಸಾ ಇಂಗೆ ಬಂದ್ಬುಟ್ರು? ಒಂದ್ ಗಂಟ್ಗೆ ಅಂದಿದ್ರಿ! ಅನ್ನಕ್ಕೆ ಎಸರು ಇಟ್ಟೀನಿ ಅಷ್ಟೆಯಾ!"

"ಮಂಚಯ್ಯ, ಏನಿದೆಯೋ ಅದನ್ನ ಹಾಕಿ ತಡೀರಿ!" ಎಂದರು ಜನರ ಹಿಂದೆಯೇ ಓಡಿಬಂದ ವಿಮಲಕುಮಾರರು.

"ಮಜ್ಜಿಗೆ ಅದೆ, ಓಳಿಗೆ ಅದೆ. ಅನ್ನ ಸಾರು ಆದಂಗ್ ಆದಂಗೆ ಆಕ್ಕೋತೀನಿ. ಆಮೇಲೆ ನನ್ನ ಬೈಬ್ಯಾಡಿ ಕಣ್ ಸಾ!"

ಹೀಗೆ ಊಟವೂ ಮಂಗಳದಿಂದಲೇ ಆರಂಭವಾಯಿತು. ಮೊದಲು ಮಜ್ಜಿಗೆ, ಆಮೇಲೆ ಹೋಳಿಗೆ, ಆಮೇಲೆ ಕೋಸಂಬರಿ, ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ ಉಪ್ಪು!

ಅತ್ತ ಖಾಲಿ ಸಭಾಂಗಣದಲ್ಲಿ ಪಿಯಾನೋ ತನ್ನ ಪಾಡಿಗೆ ಮುಂದುವರಿದಿತ್ತು. ವಿಮಲಕುಮಾರರು ಏದುಸಿರು ಬಿಡುತ್ತ ಮರಳುವುದಕ್ಕೂ, ಇನ್ನೊಂದು ಬಾಗಿಲಿನಿಂದ ಶಿವಯ್ಯನವರು ಒಳಗೆ ಕಾಲಿಡುವುದಕ್ಕೂ, ಸ್ವಾಗತದ ಹಾಡು ಶುರುವಾಗುವುದಕ್ಕೂ ಸರಿಹೋಯಿತು. ಮುನ್ನೂರು ಖಾಲಿ ಕುರ್ಚಿ. ನುಡಿಸುವವರಿಲ್ಲದೆ ನುಡಿಯುವ ಪಿಯಾನೋ. ಶಿವಯ್ಯನವರು ಹನ್ನೆರಡು ಪುಟಗಳನ್ನು ಎದೆಗವಚಿಕೊಂಡು ಸುತ್ತ ನೋಡಿದರು. ಕಡೆಗೆ ಪಿಯಾನೋಗೇ ಒಂದು ನಮಸ್ಕಾರ ಹಾಕಿ ಹಿಂದಿನ ಸಾಲಿನಲ್ಲಿ ಮೆಲ್ಲನೆ ಕೂತರು.

ವೇದಿಕೆಯ ಮೇಲೆ ರಾಜೀಮತಿ ಆಗಲೇ ಟ್ಯಾಬ್ ಎತ್ತಿಕೊಂಡು ಕನ್ನಡಕ ಏರಿಸಿದ್ದರು.

"ಇಲ್ಲಿ ನೋಡಿ. 1, 10, 11, 12, ಆಮೇಲೆ 2. ನೀವು ಬರೆದಿದ್ದು ಸಂಖ್ಯೆ, ಅದು ಓದಿದ್ದು ಅಕ್ಷರ. ಒಂದರಿಂದ ಶುರುವಾಗೋದೆಲ್ಲ ಮೊದಲು, ಎರಡರಿಂದ ಶುರುವಾಗೋದು ಆಮೇಲೆ. 'ಕ' ಅಕ್ಷರದ್ದೆಲ್ಲ ಮುಗಿದ ಮೇಲೆ ತಾನೇ 'ಖ'?"

"ಅಂದ್ರೆ… ಅಕಾರಾದಿ?" ವಿಮಲಕುಮಾರರು ಟ್ಯಾಬಿನ ಮೇಲೆ ಬಗ್ಗಿದರು.

"ಅಪ್ಪಟ ಅಕಾರಾದಿ! ನಮ್ಮನೆ ಸಾಸಿವೆ ಡಬ್ಬ ಇಟ್ಟ ಹಾಗೆ. 1ರಿಂದ 9ರವರೆಗೆ ಎಡಗಡೆ ಒಂದೊಂದು ಸೊನ್ನೆ ಹಾಕಿ 01, 02 ಅಂತ ಬರೆದಿದ್ರೆ ಮುಗೀತಿತ್ತು."

ಮೂವತ್ತೊಂದು ವರ್ಷ ತಾವು ಪೂಜಿಸಿದ ದೈವವೇ ತಮ್ಮನ್ನು ಹೀಗೆ ಮುಳುಗಿಸಿತೇ! ವಿಮಲಕುಮಾರರು ಟೀಚರ್ ಮುಂದೆ ಹೋಗಿ ನಿಂತರು. ಅರವತ್ತೊಂದರ ಮನುಷ್ಯನ ಕಣ್ಣಲ್ಲಿ ನೀರು ತುಂಬಿತ್ತು.

"ಟೀಚರ್, ಕೆಡಿಸಿಬಿಟ್ಟೆ. ನಿಮ್ಮನ್ನ ನೋಡೋಕೆ ಬಂದವರೆಲ್ಲ ಎದ್ದು ಹೋದರು. ನಿಲ್ಲಿಸಿ ಸರಿ ಮಾಡ್ತೀನಿ, ಐದೇ ನಿಮಿಷ…"

"ನಿಲ್ಲಿಸ್ಬೇಡ" ಎಂದರು ಟೀಚರ್. ಅವರು ನೋಡುತ್ತಿದ್ದದ್ದು ಪಿಯಾನೋದ ಪಟ್ಟಿಗಳನ್ನು. ಸ್ವಾಗತ ಮುಗಿದು ದೀಪದ ಹಾಡು ಶುರುವಾಗಿತ್ತು. "ಯಾರೂ ಇಲ್ಲ ಅಲ್ವಾ? ನನ್ನ ಕುರ್ಚಿ ಸ್ವಲ್ಪ ಹತ್ತಿರಕ್ಕೆ ತಳ್ಳು ರಾಜೀಮತಿ."

ರಾಜೀಮತಿ ತಳ್ಳಿದರು. ಟೀಚರ್ ಎಡಗೈ ಎತ್ತಿದರು. ಕೆಳದನಿಯ ಪಟ್ಟಿಗಳ ಮೇಲೆ ಇಟ್ಟರು. ಆಮೇಲೆ ಒಂದು ಸ್ವರ ಒತ್ತಿದರು. ಇನ್ನೊಂದು. ಮೇಲೆ ತಾನಾಗಿ ನುಡಿಯುತ್ತಿದ್ದ ತಮ್ಮ ಹಳೆಯ ಬಲಗೈಗೆ ಕೆಳಗಿನಿಂದ ಎಡಗೈ ಜೊತೆ ಕೊಡತೊಡಗಿತು. ಒಂದೆರಡು ಕಡೆ ತಡವರಿಸಿತು. ಪಿಯಾನೋ ಕಾಯಲಿಲ್ಲ. ಟೀಚರ್ ನಕ್ಕು, ಓಡಿ ಹಿಡಿದರು.

ಊಟದ ಹಾಲಿಗೆ ಅದು ಕೇಳಿಸಿತು. ಇದು ಬರಿಯ ಪೆಟ್ಟಿಗೆಯಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತೋ, ಒಬ್ಬೊಬ್ಬರೇ ಎದ್ದು ಬಂದರು. ತೊಳೆಯದ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಅರ್ಧ ಹೋಳಿಗೆ ಬಾಯಲ್ಲಿದ್ದವರು ಅಗಿಯಲಿಲ್ಲ. ಸೌಟಿನ ಸಮೇತ ಬಂದ ಮಂಚಯ್ಯ ಈಶ್ವರಯ್ಯನವರ ಕಿವಿಯಲ್ಲಿ ಪಿಸುಗುಟ್ಟಿದ: "ಈಗ ಬಾರ್ಸೋರು ಕಾಣ್ತಾವ್ರೆ ಕಣ್ ಸಾ."

ಹಾಡು ಮುಗಿಯಿತು. ಟ್ಯಾಬನ್ನು ರಾಜೀಮತಿ ಅಲ್ಲಿಗೇ ನಿಲ್ಲಿಸಿ, ನಂಬರುಗಳಿಗೆ ಸೊನ್ನೆ ಸೇರಿಸಿದರು. ಚಪ್ಪಾಳೆ ಹೊಡೆಯೋಣವೆಂದರೆ ಎಲ್ಲರ ಕೈಯಲ್ಲೂ ತುಪ್ಪ! ಮುನ್ನೂರು ಜನ ಕಾಲು ಕುಟ್ಟಿದರು. ಸಭಾಭವನ ಅದುರಿತು. ಟೀಚರ್ ತಿರುಗಿ ನೋಡಿ, ಸಿಕ್ಕಿಬಿದ್ದ ಹುಡುಗಿಯ ಹಾಗೆ ನಾಚಿ, ಸೆರಗು ಸರಿಮಾಡಿಕೊಂಡರು.

ವಿಮಲಕುಮಾರರು ಮೈಕ್ ಹಿಡಿದರು. "ಬಂಧುಗಳೇ, ಕ್ರಮ ತಪ್ಪಿದ್ದು ನನ್ನಿಂದ. ಕ್ಷಮಿಸಿ. ಈಗ ನಂಬರುಗಳನ್ನು ಸರಿ ಮಾಡಿದ್ದೇನೆ…"

"ನಾನು ಮಾಡಿದ್ದು" ಎಂದರು ರಾಜೀಮತಿ. ಮೈಕ್ ಅದನ್ನೂ ಹಿಡಿಯಿತು.

"…ಇವರು ಮಾಡಿದ್ದಾರೆ. ಮೊದಲಿನಿಂದ, ಸರಿಯಾದ ಕ್ರಮದಲ್ಲಿ…"

ಟೀಚರ್ ಎಡಗೈ ಚಾಚಿ ಮೈಕ್ ಕೇಳಿದರು. ಅವರ ಮಾತು ನಿಧಾನ, ಆದರೆ ದನಿ ಅದೇ ಹೈಸ್ಕೂಲಿನದು.

"ಅಷ್ಟು ವರ್ಷ ಮಕ್ಕಳಿಗೆ ಖಾಲಿ ಹೊಟ್ಟೇಲಿ ಸ್ವಾಗತ ಹಾಡಿಸಿದೆ, ಭಾಷಣ ಕೇಳಿಸಿದೆ. ಊಟ ಮಾಡ್ಕೊಂಡು ಬಂದವರು ಇಷ್ಟು ಚೆನ್ನಾಗಿ ಕೇಳ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಪಟ್ಟಿ ಬರೆದದ್ದು ನಾನು ವಿಮಲ. ನನ್ನ ಪಟ್ಟಿಗಿಂತ ನಿನ್ನ ತಪ್ಪೇ ವಾಸಿ."

ವಿಮಲಕುಮಾರರ ಕುಗ್ಗಿದ ಎದೆ ಮತ್ತೆ ಅಂಗುಲ ಅಂಗುಲವಾಗಿ ಏಳತೊಡಗಿತು. ಅವರು ಟ್ಯಾಬಿಗೆ ಕೈ ಚಾಚಿದರು.

"ಹಾಗಾದರೆ ಟೀಚರ್, ಮುಂದಿನದು ಯಾವುದು ಅಂತ ನಾನೇ…"

"ಮುಂದಿನದು ಬೇಡ. ದೀಪದ್ದೇ ಇನ್ನೊಂದು ಸಲ. ಗುಂಡಿ ರಾಜೀಮತಿ ಒತ್ತಲಿ. ಬಲಗೈ ಈ ಪೆಟ್ಟಿಗೆ ನೋಡ್ಕೊಳ್ಳುತ್ತೆ, ಎಡಗೈ ನಾನು ನೋಡ್ಕೋತೀನಿ."

"ನಾನೇನು ಮಾಡ್ಲಿ ಟೀಚರ್?"

ಟೀಚರ್ ಅವರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಕೈ ಕಟ್ಟು, ಬಾಯಿ ಮುಚ್ಚು!"

ವಿಮಲಕುಮಾರರು ತಟಕ್ಕನೆ ವೇದಿಕೆಯ ಮೆಟ್ಟಿಲ ಮೇಲೆ ಕೂತು ಕೈ ಕಟ್ಟಿದರು. ಅವರ ಹಿಂದೆಯೇ ಮುನ್ನೂರು ತುಪ್ಪದ ಕೈಗಳು ಎದೆಯ ಮೇಲೆ ಕಟ್ಟಿಕೊಂಡವು. ಶಿವಯ್ಯನವರೂ ಹನ್ನೆರಡು ಪುಟ ಮಡಿಸಿ ಜೇಬಿಗಿಟ್ಟು ಕೈ ಕಟ್ಟಿದರು.