ನನ್ನ ಕೈಗುಣದ ಲೋಳೆಸರ

ನಮ್ಮ ಮನೆಯ ಲೋಳೆಸರ ಹೂ ಬಿಟ್ಟಿದೆ! ಮೊಳದುದ್ದದ ದಂಟು, ತುದಿಯ ತುಂಬ ಹಳದಿ ಹೂ! ಇವತ್ತು ಬೆಳಗಿನಿಂದ ಆಲ್ಕೊಳದ ನಮ್ಮ ಬೀದಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕರೆದು ತೋರಿಸಿದ್ದೇನೆ. ಹಾಲಿನವನಿಗೆ ಎರಡು ಸಲ ತೋರಿಸಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ಪೆನ್ನು ಹಿಡಿದು ಕೂತಿದ್ದೇನೆ ಅಂದರೆ ನನ್ನ ಸಂಭ್ರಮ ಎಷ್ಟೆಂದು ನೀವೇ ಅಂದಾಜು ಮಾಡಿ!

ಇದು ಬರೀ ಹೂವಿನ ವಿಷಯವಲ್ಲ, ಮೊಮ್ಮಗಳ ವಿಷಯ. ಮಗಳನ್ನು ಭದ್ರಾವತಿಗೆ ಕೊಟ್ಟಿದ್ದೇವೆ. ಅವಳ ಮಗಳು ಸಿಂಚನ ಬೇಸಿಗೆ ರಜೆಯಲ್ಲಿ ಯಾರ ಮನೆಯಲ್ಲಿರಬೇಕು ಎಂದು ನನಗೂ ಬೀಗಿತ್ತಿ ಗೌರಮ್ಮನವರಿಗೂ ವರ್ಷ ವರ್ಷವೂ ಜಗ್ಗಾಟ. ದೀಪಾವಳಿ ಹೊತ್ತಿಗೆ ಸಿಂಚನಳೇ ತೀರ್ಮಾನ ಕೊಟ್ಟಳು. ಭದ್ರಾವತಿಯ ಹಿತ್ತಲಿನಿಂದ ಬಲಿತ ಎರಡು ಲೋಳೆಸರದ ಗಿಡ ಕಿತ್ತು ನಮ್ಮಿಬ್ಬರಿಗೂ ಒಂದೊಂದು ಕೊಟ್ಟಳು.

"ಯಾರ ಗಿಡ ಮೊದ್ಲು ಹೂ ಬಿಡುತ್ತೋ, ಇಡೀ ರಜೆ ಅವ್ರ ಮನೇಲಿ!"

ಒಳಗೊಳಗೇ ನಕ್ಕೆ. ಮೂರು ಮಕ್ಕಳನ್ನು ಸಾಕಿದವಳಿಗೆ ಒಂದು ಲೋಳೆಸರ ಯಾವ ಲೆಕ್ಕ? ಸುಟ್ಟ ಗಾಯಕ್ಕೆ, ತಲೆಕೂದಲಿಗೆ ಎಲ್ಲರೂ ಹಚ್ಚುವ ಗಿಡ. ಕಲ್ಲಿನ ಮೇಲೆ ಬಿಸಾಕಿದರೂ ಬದುಕುತ್ತದೆ ಎನ್ನುತ್ತಾರೆ. ಆದರೆ ಹಾಗೆ ಹೇಳುವವರು ನನ್ನ ಆರೈಕೆ ನೋಡಿಲ್ಲ!

ಅಂಗಳದಲ್ಲಿ ಒಳ್ಳೆ ಬಿಸಿಲು ಬೀಳುವ ಜಾಗದಲ್ಲಿ ನೆಟ್ಟೆ. ಪಾಪ, ಮೈ ಸುಡುತ್ತದೆಂದು ಹಳೆ ಸೀರೆಯ ಚಪ್ಪರ ಹಾಕಿದೆ. ಬೆಳಿಗ್ಗೆ ನೀರು, ಮಧ್ಯಾಹ್ನ ಅಕ್ಕಿ ತೊಳೆದ ನೀರು, ಸಂಜೆ ಮಜ್ಜಿಗೆ. ರೊಟ್ಟಿ ತಿನ್ನಿಸಲಿಲ್ಲ, ಅಷ್ಟೇ!

ಪಕ್ಕದ ಮನೆಯ ಮಂಗಳಕ್ಕ ಕಾಂಪೌಂಡಿನಿಂದ ಇಣುಕಿದಳು. "ಅಕ್ಕಾ, ಅದಕ್ಕೆ ಬಿಸಿಲು ಬೇಕು, ನೀರು ಬೇಡ. ಸುಮ್ನೆ ಬಿಟ್ಬಿಡಿ ಮಾರಾಯ್ತಿ."

"ಬಾಣಂತನ ನಂಗೆ ಹೇಳ್ಕೊಡ್ತೀಯೇನೆ?" ಎಂದು ಹಸಿ ಸೆಗಣಿಯನ್ನೂ ಸುರಿದೆ.

ಕೆಲವು ದಿನಕ್ಕೆ ಗಿಡ ಹಳದಿಯಾಯಿತು. ಹೂವಲ್ಲ, ಎಲೆ! ಆಮೇಲೆ ಮೆತ್ತಗಾಗಿ ಒಂದು ಕಡೆ ಮಲಗಿಬಿಟ್ಟಿತು. ಎತ್ತಿದರೆ ಬೇರೆಲ್ಲ ಕೊಳೆತು, ಗಿಡ ಕೈಗೇ ಬಂತು.

ನಮ್ಮೆಜಮಾನರು ಮೂಸಿ ನೋಡಿದರು. "ಲೇ, ಮಜ್ಜಿಗೆ ಹುಳಿ ಮಾಡಿದ್ದೀಯಲ್ಲೇ! ಕೊಡು ಇಲ್ಲಿ. ದೃಷ್ಟಿಗಾದ್ರೂ ಆಗುತ್ತೆ."

ಕೊಳೆತದ್ದನ್ನೆಲ್ಲ ಕೊಯ್ದು, ಉಳಿದ ಗಿಡವನ್ನು ಗೇಟಿನ ಕಮಾನಿಗೆ ತಲೆಕೆಳಗಾಗಿ ಕಟ್ಟಿದರು. ನನಗೋ ಅವಮಾನ. ಅಲ್ಲಿಂದ ಮುಂದೆ ಗೇಟು ದಾಟುವಾಗ ತಲೆ ಎತ್ತಿ ನೋಡಲೇ ಇಲ್ಲ.

ಅಷ್ಟರಲ್ಲಿ ಗೌರಮ್ಮನವರ ವಿಡಿಯೋ ಕಾಲ್. "ಅಕ್ಕಾರೇ, ನಿಮ್ ಗಿಡ ತೋರ್ಸಿ ನೋಡಾಣ!"

ಸೋಲೊಪ್ಪುವ ವಂಶವೇ ನಮ್ಮದಲ್ಲ! ಮಂಗಳಕ್ಕನ ಮೆಟ್ಟಿಲ ಮೇಲಿದ್ದ ಲೋಳೆಸರದ ಕುಂಡವನ್ನು ಹೇಳದೆ ಕೇಳದೆ ಎತ್ತಿ ತಂದು ಫೋನಿನ ಮುಂದೆ ಹಿಡಿದೆ.

"ನೋಡಿ, ಹೆಂಗೆ ದಪ್ಪ ಆಗಿದೆ! ಎಲ್ಲ ನನ್ನ ಕೈಗುಣ."

ಹಿಂದಿನಿಂದ ದನಿ ಬಂತು: "ಅಕ್ಕಾ, ನನ್ನ ಕುಂಡ ತಗೊಂಬಂದ್ರಲ್ಲ, ಕೊಡ್ತೀರಾ?"

ಭದ್ರಾವತಿಯಲ್ಲಿ ನಗು ನಿಲ್ಲಲೇ ಇಲ್ಲ. "ಅಜ್ಜಿ ಕಳ್ಳಾಟ! ರಜೆಗೆ ಒಂದೇ ದಿನ ಬರ್ತೀನಿ, ಸಂಜೆ ಬಸ್ಸಿಗೆ ವಾಪಸ್" ಎಂದಳು ಸಿಂಚನ. ಅವತ್ತು ನನಗೆ ಅನ್ನ ಸೇರಲಿಲ್ಲ.

ನಿನ್ನೆ ಬಂದರು. ಮಗಳು, ಗೌರಮ್ಮನವರು, ಸಿಂಚನ. ಮಗುವಿನ ಕೈಯಲ್ಲಿ ಬಟ್ಟೆಯ ಬ್ಯಾಗೂ ಇಲ್ಲ! ನಾನು ಮುಖ ಸಣ್ಣ ಮಾಡಿಕೊಂಡು ಗೇಟು ತೆಗೆದೆ. ಸಿಂಚನ ಅಲ್ಲೇ ನಿಂತು ಕಿರುಚಿದಳು.

"ಅಜ್ಜೀ, ಮೇಲೆ ನೋಡಿ!"

ತಲೆಕೆಳಗಾದ ಗಿಡದಿಂದ ದಂಟೊಂದು ಬಾಗಿ, ಆಕಾಶದ ಕಡೆ ಎದ್ದು ನಿಂತಿತ್ತು. ಮಣ್ಣಿಲ್ಲ, ನೀರಿಲ್ಲ, ದಿನವಿಡೀ ಬಿಸಿಲು. ಮೈತುಂಬ ಹೂ!

ಗೌರಮ್ಮನವರು ಬಾಯಿ ಮೇಲೆ ಕೈ ಇಟ್ಟುಕೊಂಡರು. "ನಮ್ದಿನ್ನೂ ಮೊಗ್ಗೂ ಬಿಟ್ಟಿಲ್ಲ ಕಣಕ್ಕಾರೇ! ಏನು ಹಾಕಿದ್ರಿ?"

"ಎಲ್ಲ ಕೈಗುಣ" ಎಂದು ಎದೆಯುಬ್ಬಿಸಿದೆ.

"ಹೌದೌದು, ಇವ್ಳು ಮಜ್ಜಿಗೆ ಕುಡ್ಸಿ ಕೊಳೆಸಿದ್ಳು, ನಾನಿಲ್ಲಿ ಕಟ್ಟಿದೆ. ಇವ್ಳು ಕೈ ಬಿಟ್ಟ ಮೇಲೇ ಹೂ ಬಿಟ್ಟಿದ್ದು" ಎಂದರು ನಮ್ಮೆಜಮಾನರು.

ಸಿಂಚನ ಯೋಚಿಸಿ ತೀರ್ಪು ಕೊಟ್ಟಳು. "ಅಜ್ಜಿ ಸಾಯಿಸಿದ್ರು, ಅಜ್ಜ ಬದುಕಿಸಿದ್ರು. ಗೆದ್ದಿದ್ದು ಅಜ್ಜ! ಇಡೀ ರಜೆ ಅಜ್ಜನ ಮನೇಲಿರ್ತೀನಿ."

ನಲವತ್ತು ವರ್ಷ ನಾನು ಗುಡಿಸಿ ಸಾರಿಸಿದ ಮನೆ ಒಂದೇ ಮಾತಿನಲ್ಲಿ ಅಜ್ಜನದಾಯಿತು. ಆಗಲಿ! ಮಗು ಉಳಿಯಿತಲ್ಲ, ಅಷ್ಟು ಸಾಕು. ಗೌರಮ್ಮನವರನ್ನೂ ಬಸ್ಸಿಗೆ ಬಿಡಲಿಲ್ಲ.

ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಶಾವಿಗೆ ಪಾಯಸ. ಮಂಗಳಕ್ಕನನ್ನೂ ಕರೆದಿದ್ದೆ, ಕುಂಡದ ಋಣ ತೀರಬೇಕಲ್ಲ! ಸಿಂಚನಳ ತಟ್ಟೆಗೆ ಪಾಯಸ ಬಡಿಸಿದೆ. ಮತ್ತೆ ಬಡಿಸಿದೆ. ಇನ್ನೊಂದು ಸೌಟು ಎತ್ತಿದೆ.

ಸಿಂಚನ ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದಳು. "ಅಜ್ಜೀ, ಸಾಕು! ಆಮೇಲೆ ನನ್ನನ್ನೂ ಗೇಟಿಗೆ ಕಟ್ಬೇಕಾಗುತ್ತೆ!"

ಸೌಟು ಕೆಳಗಿಟ್ಟೆ. ಆಮೇಲೆ ರೊಟ್ಟಿ ಹಾಕಿದೆ.