ಗಡ್ಡದ ಲಕ್ಷ್ಮಿ

ಹಳೆಯ ವಸ್ತುಗಳಿಗೆ ಬೆಲೆ ಕಟ್ಟುವ ಖಯಾಲಿ ಮನುಷ್ಯ ತಾನೇ ಹಳಬನಾದಾಗ ಹತ್ತುತ್ತದೆಂದು ಕಾಣುತ್ತದೆ. ಮಾಸ್ತರಿಕೆಯಿಂದ ನಿವೃತ್ತನಾಗಿ ಇಳಕಲ್ಲಿನ ಮನೆಯಲ್ಲಿ ಕುಳಿತ ಮೇಲೆ ನಾನು ತಾಮ್ರದ ಹಂಡೆಗೆ, ಅಜ್ಜನ ಗಡಿಯಾರಕ್ಕೆ, ಕೊನೆಗೆ ಅಡಕೊತ್ತಿಗೂ ಬೆಲೆ ಕಟ್ಟಿದ್ದೆ. ಇನ್ನು ನಿಮಗೊಂದು ಬೆಲೆ ಕಟ್ಟಿಸಿಕೊಂಡು ಬರ್ರಿ ಎಂದು ಹೆಂಡತಿ ಹೇಳಿದಳು. ಅದಕ್ಕೆ ಧೈರ್ಯ ಸಾಲದೆ ಅವ್ವನ ಲಕ್ಷ್ಮಿಗೆ ಕೈ ಹಾಕಿದೆ.

ಅವ್ವನ ಲಕ್ಷ್ಮಿಯೆಂದರೆ ದೇವರ ಜಗಲಿಯ ಮೇಲಿರುವ, ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ. ಪ್ರತಿ ಶುಕ್ರವಾರ ಅವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಅರಿಷಿಣ ಕುಂಕುಮ ಏರಿಸಿ, ಮನೆಯವರೆಲ್ಲರ ಸುಖದುಃಖ ಅದಕ್ಕೆ ಒಪ್ಪಿಸುತ್ತಾಳೆ. ನನ್ನ ಪರೀಕ್ಷೆ, ತಂಗಿಯ ಬಾಣಂತನ, ಅಪ್ಪ ದವಾಖಾನೆಯಲ್ಲಿದ್ದ ದಿನಗಳು, ಎಲ್ಲ ಅದರ ಮುಂದೆಯೇ ಕಳೆದವು. ಸವೆದು ಸವೆದು ಈಗ ಒಂದು ತಲೆಯ ಗುರುತಷ್ಟೇ ಉಳಿದಿದೆ. ಅದು ರಾಣಿ ಛಾಪಿನ ರೂಪಾಯಿಯೆಂದು ನಾವೆಲ್ಲ ನಂಬಿದ್ದೆವು. ರಾಣಿ ಛಾಪಿಗೆ ಭಾರೀ ಬೆಲೆಯೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದೇ ತಡ, ಶುಕ್ರವಾರದೊಳಗೆ ತಂದಿಡುತ್ತೇನೆಂದು ಅವ್ವನನ್ನು ಒಪ್ಪಿಸಿ ಬಾಗಲಕೋಟೆಯ ಬಸ್ಸು ಹತ್ತಿದೆ.

ಅಲ್ಲಿ ನಾಣ್ಯ ಕೂಡಿಸುವ ಗೆಳೆಯನೊಬ್ಬನಿದ್ದಾನೆ. ಅವನು ಭೂತಗನ್ನಡಿ ಹಿಡಿದು, ನಾಣ್ಯವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದ. ರಾಣಿಯಾದರೆ ತಲೆಯ ಮೇಲೆ ಕಿರೀಟವಿರಬೇಕಂತೆ.

"ಇದು ರಾಣಿ ಅಲ್ಲಲೇ, ರಾಣಿ ಮಗ. ಬೋಳು ತಲಿ, ಗಡ್ಡ. ಥೇಟ್ ನಿನ್ನಂಗ ಅದಾನ ನೋಡು."

ಹುಣಸೆಹಣ್ಣಿನಲ್ಲಿ ತಿಕ್ಕಿದ್ದನ್ನು ನಾಣ್ಯ ಕೂಡಿಸುವವರು ಮುಟ್ಟುವುದಿಲ್ಲ, ಬೆಳ್ಳಿಯ ತೂಕಕ್ಕೆ ಬಂದಷ್ಟೇ ಬೆಲೆ ಎಂದೂ ಹೇಳಿದ. ಬೆಲೆ ಹಾಳಾಗಿ ಹೋಗಲಿ, ನನ್ನ ಎದೆ ಒಡೆದದ್ದು ಆ ಗಡ್ಡದಿಂದ. ಜೀವಮಾನವಿಡೀ ಅವ್ವ ಅತ್ತು ಕರೆದು ಕೈಮುಗಿದದ್ದು ಒಬ್ಬ ಗಡ್ಡದ ದೊರೆಗೆ ಎಂದು ಯಾವ ಬಾಯಿಂದ ಹೇಳಲಿ? ಸುಳ್ಳು ಹೇಳೋಣವೆಂದರೆ ಮುಖ ನೋಡಿಯೇ ಹಿಡಿಯುತ್ತಾಳೆ. ಕೆಟ್ಟ ಸುದ್ದಿಯ ಜೊತೆಗೆ ಸಿಹಿ ಇರಲೆಂದು ಅಮೀನಗಡದಲ್ಲಿ ಇಳಿದು ಕರದಂಟು ಕೊಂಡೆ. ಅವ್ವನಿಗೆ ಹಲ್ಲಿಲ್ಲವೆಂಬುದು ಹುನಗುಂದ ದಾಟಿದ ಮೇಲೆ ನೆನಪಾಯಿತು.

ಮನೆಗೆ ಬಂದು ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವ್ವ ಕೈಚಾಚಿ ರೂಪಾಯಿ ಇಸಕೊಂಡು ಸೆರಗಿನಿಂದ ಒರೆಸಿದಳು.

"ನಾ ಸೊಸಿಯಾಗಿ ಬಂದಾಗ ಗಡ್ಡ ಎದ್ದು ಕಾಣ್ತಿತ್ತು. ಲಕ್ಷ್ಮಿಗೆ ಗಡ್ಡ ಇರ್ತೈತೇನ್ರಿ ಅಂತ ನಮ್ಮತ್ತೀನ್ನ ಕೇಳಿದ್ದೆ. ಬಾಯಿ ಮುಚಗೊಂಡು ತಿಕ್ಕು, ಆಗ್ತಾಳ ಅಂದ್ರು. ತಿಕ್ಕೀನಿ. ಈಗ ಆಗ್ಯಾಳ."

ಎಂದಿನಂತೆ ಕುಂಕುಮ ಹಚ್ಚಿ ಜಗಲಿಯ ಮೇಲಿಟ್ಟಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನ ಬೋಳು ತಲೆಯನ್ನೂ ಗಡ್ಡವನ್ನೂ ಒಮ್ಮೆ ನೋಡಿದಳು.

"ನಿಮ್ಮದು ಲಗೂನ ಆತ್ರಿ, ಅತ್ತಿ. ನನ್ನ ಪಾಲಿಗೆ ಬಂದದ್ದನ್ನ ನಾ ಇನ್ನೂ ತಿಕ್ಕಾಕತ್ತೇನಿ."

ನಾನು ಗಡ್ಡ ಸವರಿಕೊಂಡು ಕರದಂಟಿನ ಪೊಟ್ಟಣ ಬಿಚ್ಚಿದೆ.